ಶನಿಯ ಬಳೆಗಳೂ ರೇಡಿಯೋ ಅಲೆಗಳ ಸಾಕ್ಷ್ಯವೂ

ಶನಿಯ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಊರು ಬಿಟ್ಟು ಬಂದು ಕೆಲಸಕ್ಕಾಗಿ ಅಲೆಯುವಾಗ, ಸಂಬಳ ತಡವಾದಾಗ, ಕೈಗೆ ಬಂದ ನೌಕರಿ ತಪ್ಪಿಹೋದಾಗ ‘ಇದೆಲ್ಲ ಶನಿಕಾಟ’ ಎಂದು ನಿಟ್ಟುಸಿರು ಬಿಡುವುದು ನಮ್ಮ ನಾಲಿಗೆಗೆ ಒಗ್ಗಿಹೋದ ಮಾತು. ಆದರೆ ಆ ಶನಿ ಎಲ್ಲಿದ್ದಾನೆ, ಯಾವುದರಿಂದ ಆಗಿದ್ದಾನೆ, ಅವನ ಸುತ್ತಲಿನ ಬಳೆಗಳು ಏನು ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಹೇಳುವವರು ವಿರಳ. ಈ ಪಾಠದಲ್ಲಿ ನಾವು ಫಲಜ್ಯೋತಿಷ್ಯದ ಮಾತಿಗೆ ಹೋಗುವುದಿಲ್ಲ. ನೂರು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ಯಾರೂ ಕಾಲಿಡದ, ಕಾಲಿಡಲು ನೆಲವೇ ಇಲ್ಲದ ಆ ಗ್ರಹವನ್ನು ಮನುಷ್ಯನು ರೇಡಿಯೋ ದೂರದರ್ಶಕಗಳಿಂದ ಹೇಗೆ ಓದಿದನು ಎಂಬುದಷ್ಟೇ ನಮ್ಮ ವಿಷಯ. ಇದಕ್ಕೆ ಕಾಲೇಜಿನ ಗಣಿತ ಬೇಕಾಗಿಲ್ಲ. ಲೆಕ್ಕದ ಪುಸ್ತಕ ಬರೆಯುವವರಿಗೂ ಒಲೆಯ ಮುಂದೆ ನಿಂತು ದುಡಿಯುವವರಿಗೂ ದಿನನಿತ್ಯ ಇರುವ ಅನುಭವವೇ ಸಾಕು.

1. ಮೆಲ್ಲನೆ ನಡೆಯುವವನು

ಶನೈಶ್ಚರ ಎಂದರೆ ಮೆಲ್ಲನೆ ಚಲಿಸುವವನು. ಹೆಸರು ಅನ್ವರ್ಥವಾದದ್ದೇ. ಸೂರ್ಯನ ಸುತ್ತ ಒಂದು ಸಲ ಸುತ್ತಿ ಬರಲು ಶನಿಗೆ ಸುಮಾರು 29½ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ. ಸಾಡೇಸಾತಿಯ ಲೆಕ್ಕ ಹುಟ್ಟಿದ್ದು ಇಲ್ಲಿಂದಲೇ. ಅದರ ಫಲವನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಆದರೆ ದುರ್ಬೀನು ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದ ನೋಡಿ, ತಲೆಮಾರುಗಳ ಕಾಲ ಗುರುತಿಟ್ಟು ಈ ನಡಿಗೆಯನ್ನು ಎಣಿಸಿದ ಹಿರಿಯರ ತಾಳ್ಮೆಯನ್ನು ಯಾರೂ ಮೆಚ್ಚಲೇಬೇಕು.

ಶನಿಯ ನಡುವಿನ ಅಡ್ಡಳತೆ ಸುಮಾರು 1,20,500 ಕಿಲೋಮೀಟರ್. ನಮ್ಮ ಭೂಮಿಯಂಥ ಒಂಬತ್ತು ಗೋಳಗಳನ್ನು ಸಾಲಾಗಿ ಇಟ್ಟರೂ ಕೊಂಚ ಜಾಗ ಉಳಿಯುತ್ತದೆ. ಅದರ ಬಹುಭಾಗ ಜಲಜನಕ ಮತ್ತು ಹೀಲಿಯಂ. ಮೇಲಿನಿಂದ ಇಳಿಯುತ್ತ ಹೋದರೆ ಮೋಡ, ಮೋಡದ ಕೆಳಗೆ ಮತ್ತೆ ಮೋಡ, ಬರಬರುತ್ತ ಒತ್ತಡ, ಬಿಸಿ. ನಿಲ್ಲಲು ನೆಲ ಮಾತ್ರ ಸಿಗದು.

1610ರಲ್ಲಿ ಗೆಲಿಲಿಯೋ ತನ್ನ ಸಣ್ಣ ದುರ್ಬೀನನ್ನು ಶನಿಯತ್ತ ತಿರುಗಿಸಿದಾಗ ಗ್ರಹದ ಎರಡು ಪಕ್ಕದಲ್ಲಿ ಎರಡು ಉಬ್ಬುಗಳು ಕಂಡವು. 1612ರಲ್ಲಿ ನೋಡಿದರೆ ಅವು ಮಾಯವಾಗಿದ್ದವು! ಆತನಿಗೆ ದಿಕ್ಕು ತೋಚಲಿಲ್ಲ. ಒಗಟನ್ನು ಬಿಡಿಸಿದವನು ಹಾಲೆಂಡಿನ ಹೈಗೆನ್ಸ್. ಗ್ರಹವನ್ನು ಎಲ್ಲಿಯೂ ಮುಟ್ಟದ ತೆಳುವಾದ ಬಳೆಯೊಂದು ಅದನ್ನು ಸುತ್ತುವರಿದಿದೆಯೆಂದೂ, ಅದರ ಅಂಚು ನೇರವಾಗಿ ನಮ್ಮ ಕಡೆಗೆ ತಿರುಗಿದಾಗ ಅದು ಕಣ್ಣಿಗೆ ಬೀಳದೆಂದೂ ಆತನು 1659ರಲ್ಲಿ ವಿವರಿಸಿದನು. ಹೀಗೆ ಬಳೆ ಮರೆಯಾಗುವುದು ಸುಮಾರು ಹದಿನೈದು ವರ್ಷಕ್ಕೊಮ್ಮೆ; 2025ರ ಮಾರ್ಚಿನಲ್ಲಿಯೂ ಹಾಗೆಯೇ ಆಯಿತು. 1675ರಲ್ಲಿ ಕ್ಯಾಸಿನಿ ಎಂಬಾತನು ಬಳೆಯ ನಡುವೆ ಕಪ್ಪು ಸಂದು ಇರುವುದನ್ನು ಕಂಡನು. ಅಂದಿನಿಂದ ‘ಬಳೆ’ ಹೋಗಿ ‘ಬಳೆಗಳು’ ಎಂದಾಯಿತು.

ಈ ಬಳೆಗಳ ಅಗಲವೂ ತೆಳುತನವೂ ಬೆರಗು ಹುಟ್ಟಿಸುವಂಥವು. ಒಂದು ಅಂಚಿನಿಂದ ಎದುರಿನ ಅಂಚಿಗೆ ಸುಮಾರು 2,70,000 ಕಿಲೋಮೀಟರ್. ದಪ್ಪವಾದರೋ ಹೆಚ್ಚಿನ ಕಡೆಗಳಲ್ಲಿ ಹತ್ತಾರು ಮೀಟರು ಮಾತ್ರ. ಇಡೀ ಬಳೆಯನ್ನು ಒಂದು ಕಿಲೋಮೀಟರ್ ಅಗಲಕ್ಕೆ ಕುಗ್ಗಿಸಿದೆವೆಂದು ತಿಳಿಯೋಣ. ಆಗ ಅದರ ದಪ್ಪ ನಮ್ಮ ಲೆಡ್ಜರಿನ ಒಂದು ಹಾಳೆಯಷ್ಟಾದರೆ ಹೆಚ್ಚು.

ಇಷ್ಟು ತೆಳುವಾದ ವಸ್ತು ಒಡೆಯದೆ ನಿಂತಿರುವುದು ಹೇಗೆ? ಬ್ರಿಟನ್ನಿನ ಮ್ಯಾಕ್ಸ್‌ವೆಲ್ 1859ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದಲೇ ಉತ್ತರ ಕೊಟ್ಟನು: ಬಳೆ ಗಟ್ಟಿ ಹಲಗೆಯಲ್ಲ, ದ್ರವವೂ ಅಲ್ಲ, ಲೆಕ್ಕವಿಲ್ಲದಷ್ಟು ಬಿಡಿ ತುಣುಕುಗಳು ತಮ್ಮ ತಮ್ಮ ದಾರಿಯಲ್ಲಿ ಗ್ರಹವನ್ನು ಸುತ್ತುತ್ತಿರಬೇಕು. 1895ರಲ್ಲಿ ಅಮೆರಿಕದ ಕೀಲರ್ ಬಳೆಯ ಬೆಳಕನ್ನು ಬಿಡಿಸಿ ನೋಡಿ, ಒಳಗಿನ ಭಾಗ ಬೇಗ, ಹೊರಗಿನ ಭಾಗ ನಿಧಾನವಾಗಿ ಸುತ್ತುವುದನ್ನು ತೋರಿಸಿದನು. ಗಟ್ಟಿ ಚಕ್ರವಾಗಿದ್ದರೆ ಹೊರ ಅಂಚೇ ಬೇಗ ಓಡಬೇಕಾಗಿತ್ತು. ಮ್ಯಾಕ್ಸ್‌ವೆಲ್ಲನ ಮಾತು ನಿಜವಾಯಿತು.

ಆದರೆ ಮುಖ್ಯ ಪ್ರಶ್ನೆ ಉಳಿದೇ ಇತ್ತು. ತುಣುಕುಗಳೆಂದರೆ ಎಷ್ಟು ದೊಡ್ಡವು? ಹಿಟ್ಟಿನಂಥ ಧೂಳೋ, ಜಲ್ಲಿ ಕಲ್ಲೋ, ಬಂಡೆಗಳೋ? ಅವು ಯಾವ ವಸ್ತು? ಎಷ್ಟು ದೊಡ್ಡ ದುರ್ಬೀನು ಹಿಡಿದರೂ ಬಿಡಿ ತುಣುಕು ಕಣ್ಣಿಗೆ ಕಾಣುವಂತಿರಲಿಲ್ಲ. ಮುಂದಿನ ಕೆಲಸ ರೇಡಿಯೋ ಅಲೆಗಳ ಪಾಲಿಗೆ ಬಂದಿತು.

2. ಹಾಡಿಲ್ಲದ ರೇಡಿಯೋ

ರೇಡಿಯೋ ದೂರದರ್ಶಕ ಎಂದೊಡನೆ ಕಿವಿಗೆ ಏನೋ ಕೇಳಿಸುತ್ತದೆ ಎಂದುಕೊಳ್ಳಬಾರದು. ಬೆಳಕೂ ರೇಡಿಯೋ ಅಲೆಯೂ ಒಂದೇ ಕುಲದವು. ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ; ರೇಡಿಯೋ ಅಲೆಗಳದು ಮಿಲಿಮೀಟರಿನಿಂದ ಹಲವಾರು ಮೀಟರುಗಳವರೆಗೆ. ಉರಿಯುವ ಒಲೆಯ ಎದುರು ಕಣ್ಣು ಮುಚ್ಚಿ ನಿಂತರೂ ಮುಖಕ್ಕೆ ಬಿಸಿ ತಾಗುತ್ತದೆ. ಒಲೆಯಿಂದ ಹೊರಟ, ಕಣ್ಣಿಗೆ ಕಾಣದ ಅಲೆಗಳೇ ಅದಕ್ಕೆ ಕಾರಣ. ಬಿಸಿಯಿರುವ ಪ್ರತಿಯೊಂದು ವಸ್ತುವೂ, ನಮ್ಮ ಮೈಯೂ, ಹಿಮಗಟ್ಟಿದ ಗ್ರಹವೂ ಇಂಥ ಅಲೆಗಳನ್ನು ಸೂಸುತ್ತಲೇ ಇರುತ್ತದೆ. ಅವುಗಳಲ್ಲಿ ಒಂದಿಷ್ಟು ಪಾಲು ರೇಡಿಯೋ ಅಲೆ. ಆ ಪಾಲನ್ನು ಅಳೆದರೆ ವಸ್ತುವಿನ ಬಿಸಿಯನ್ನು ದೂರದಿಂದಲೇ ತಿಳಿಯಬಹುದು.

ಆಕಾಶದಿಂದ ರೇಡಿಯೋ ಅಲೆಗಳು ಬರುತ್ತವೆಂದು ಜಗತ್ತಿಗೆ ತಿಳಿದದ್ದು 1933ರಲ್ಲಿ, ಅಮೆರಿಕದ ಜಾನ್‌ಸ್ಕಿ ಎಂಬ ಎಂಜಿನಿಯರಿನಿಂದ. ಬೋಗುಣಿಯಾಕಾರದ ದೊಡ್ಡ ತಟ್ಟೆ ಅಲೆಗಳನ್ನು ಒಂದು ಕಡೆಗೆ ಕೂಡಿಸುತ್ತದೆ. ಅಲ್ಲಿರುವ ಯಂತ್ರ ಅವುಗಳ ಬಲವನ್ನು ಅಳೆಯುತ್ತದೆ. ತೊಡಕು ಒಂದೇ: ಅಲೆ ಉದ್ದವಾದಷ್ಟೂ ಚಿತ್ರ ಮಸುಕು. ಒಂದು ತಟ್ಟೆಯಿಂದ ಶನಿಯ ಗೋಳವನ್ನೂ ಬಳೆಯನ್ನೂ ಬೇರೆ ಬೇರೆಯಾಗಿ ಕಾಣುವುದು ಬಲು ಕಷ್ಟ. ಅದಕ್ಕಾಗಿ ಹಲವು ತಟ್ಟೆಗಳನ್ನು ದೂರ ದೂರ ನಿಲ್ಲಿಸಿ, ಎಲ್ಲವೂ ಒಂದೇ ಕ್ಷಣದಲ್ಲಿ ಹಿಡಿದದ್ದನ್ನು ಒಂದೆಡೆ ತಂದು ತಾಳೆ ನೋಡುತ್ತಾರೆ. ದೊಡ್ಡ ಕಂಪನಿಯ ಶಾಖೆಗಳೆಲ್ಲ ತಮ್ಮ ದಿನದ ಲೆಕ್ಕವನ್ನು ಮುಖ್ಯ ಕಚೇರಿಗೆ ಕಳಿಸಿದಾಗಲೇ ನಿಜವಾದ ಜಮಾಖರ್ಚು ತಿಳಿಯುವಂತೆ, ಇಲ್ಲಿಯೂ ಬಿಡಿ ಲೆಕ್ಕಗಳನ್ನು ಕೂಡಿಸಿದಾಗಲೇ ಚಿತ್ರ ಮೂಡುತ್ತದೆ. 1980ರಲ್ಲಿ ಉದ್ಘಾಟನೆಯಾದ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ‘ವೆರಿ ಲಾರ್ಜ್ ಅರೇ’ ಅಂಥದು. 25 ಮೀಟರ್ ಅಗಲದ 27 ತಟ್ಟೆಗಳು ಮೂರು ಸಾಲಿನಲ್ಲಿ ರೈಲುಹಳಿಗಳ ಮೇಲೆ ಸರಿದಾಡಿ ನಿಲ್ಲುತ್ತವೆ.

3. ತಣ್ಣಗಿನ ತಟ್ಟೆಯ ಒಗಟು

1960ರ ದಶಕದ ಕೊನೆಯಿಂದ ಜೋಡಿ ತಟ್ಟೆಗಳಿಂದ ಶನಿಯನ್ನು ಅಳೆಯತೊಡಗಿದಾಗ ವಿಚಿತ್ರವೊಂದು ಎದುರಾಯಿತು.

ಗೋಳವು ತನ್ನ ಬಿಸಿಗೆ ತಕ್ಕಂತೆ ರೇಡಿಯೋ ಅಲೆಗಳನ್ನು ಸೂಸುತ್ತಿತ್ತು. ಬಳೆಗಳಿಂದ ಮಾತ್ರ ಬಹುತೇಕ ಏನೂ ಬರುತ್ತಿರಲಿಲ್ಲ. ಬಳೆಗಳ ನಿಜವಾದ ಉಷ್ಣತೆ ಸೊನ್ನೆಗಿಂತ ಸುಮಾರು 180 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಇದು ಘೋರ ಚಳಿಯೇ. ಆದರೂ ಪ್ರಕೃತಿಯಲ್ಲಿ ಸಾಧ್ಯವಿರುವ ಅತಿ ತಣ್ಣನೆಯ ಮಟ್ಟ ಸೊನ್ನೆಗಿಂತ 273 ಡಿಗ್ರಿ ಕೆಳಗಿರುವುದರಿಂದ, ಅದಕ್ಕಿಂತ ಇವು ತೊಂಬತ್ತು ಡಿಗ್ರಿಯಷ್ಟು ಬೆಚ್ಚಗಿವೆ. ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯಲ್ಲಿ ನೋಡಿದರೆ ಆ ತೊಂಬತ್ತರ ಬದಲು ಹತ್ತರ ಆಸುಪಾಸಿನಷ್ಟೇ ಕಾಣುತ್ತಿತ್ತು.

ಹಾಗಾದರೆ ಬಳೆ ರೇಡಿಯೋ ಅಲೆಗಳಿಗೆ ಗಾಜಿನಂತೆ ಪಾರದರ್ಶಕವೇ? ಹಿಟ್ಟಿನಂಥ ಮಂಜಿನ ಧೂಳಾಗಿದ್ದರೆ ಹಾಗೆಯೇ ಆಗಬೇಕು. ಅಲೆಗಿಂತ ತೀರ ಸಣ್ಣದಾದ ಕಣವನ್ನು ಅಲೆ ಲಕ್ಷಿಸದೆ ದಾಟಿಹೋಗುತ್ತದೆ. ಪರೀಕ್ಷಿಸಲು ದಾರಿಯೂ ಇತ್ತು. ಒಲೆಗೂ ಮುಖಕ್ಕೂ ನಡುವೆ ಒಂದು ತಟ್ಟೆ ಹಿಡಿದರೆ ಬಿಸಿ ನಿಲ್ಲುತ್ತದಲ್ಲವೆ? ಶನಿಯ ಗೋಳದ ಮುಂದೆ ಹಾದುಹೋಗುವ ಬಳೆಯ ಭಾಗ ಅಂಥ ತಟ್ಟೆ. ನೋಡಿದರೆ, ಆ ಜಾಗದಲ್ಲಿ ಗೋಳದಿಂದ ಬರುವ ರೇಡಿಯೋ ಅಲೆಗಳಿಗೆ ಬಳೆ ಅಡ್ಡಿಯಾಗುತ್ತಲೇ ಇತ್ತು!

ತಾನೂ ಸೂಸದು, ಹಿಂದಿನಿಂದ ಬರುವುದನ್ನೂ ಬಿಡದು: ಇಂಥ ವಸ್ತು ಯಾವುದು? ಇಲ್ಲಿ ಭೌತಶಾಸ್ತ್ರದ ಒಂದು ಸರಳ ನಿಯಮವನ್ನು ನೆನಪಿಡಬೇಕು. ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುವ ವಸ್ತು ಚೆನ್ನಾಗಿ ಸೂಸುತ್ತದೆ. ಹೀರಿಕೊಳ್ಳದ ವಸ್ತು ಸೂಸುವುದಿಲ್ಲ. ಬಳೆ ಸೂಸುವುದಿಲ್ಲವಾದ್ದರಿಂದ ಅದು ಹೀರಿಕೊಳ್ಳುವುದೂ ಇಲ್ಲ. ಹೀರದೆಯೂ ತಡೆಯುತ್ತದೆ ಎಂದಮೇಲೆ ಅದು ಅಲೆಗಳನ್ನು ಅತ್ತಿತ್ತ ಚದುರಿಸುತ್ತಿರಬೇಕು. ಚದುರಿಸಬೇಕಾದರೆ ತುಣುಕುಗಳು ಅಲೆಯ ಉದ್ದಕ್ಕೆ ಸರಿಸಮಾನವಾಗಿಯೋ ಅದಕ್ಕಿಂತ ದೊಡ್ಡವಾಗಿಯೋ ಇರಬೇಕು, ಎಂದರೆ ಧೂಳಲ್ಲ.

ತರ್ಕವೇನೋ ಸರಿ. ಆದರೆ ಅನುಮಾನವನ್ನು ತೀರ್ಮಾನವೆಂದು ಬರೆದುಕೊಳ್ಳಲು ಇನ್ನೊಂದು ಸಾಕ್ಷ್ಯ ಬೇಕಿತ್ತು.

4. ಎರಡೂಕಾಲು ಗಂಟೆಯ ಮಾರ್ದನಿ

ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುವಂತೆ, ರೇಡಿಯೋ ಅಲೆಗಳನ್ನು ಬೀಸಿ ಕಳಿಸಿ, ಮರಳಿ ಬಂದದ್ದನ್ನು ಹಿಡಿಯುವ ಉಪಾಯಕ್ಕೆ ರಾಡಾರ್ ಎಂದು ಹೆಸರು. 1972ರ ಡಿಸೆಂಬರ್ ಮತ್ತು 1973ರ ಜನವರಿಯಲ್ಲಿ ಗೋಲ್ಡ್‌ಸ್ಟೈನ್ ಮತ್ತು ಮಾರಿಸ್ ಎಂಬ ಇಬ್ಬರು ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನಿನಲ್ಲಿದ್ದ 64 ಮೀಟರ್ ಅಗಲದ ತಟ್ಟೆಯಿಂದ ಶನಿಯತ್ತ 12.6 ಸೆಂಟಿಮೀಟರ್ ಉದ್ದದ ಅಲೆಗಳನ್ನು ಕಳಿಸಿದರು. ಆಗ ಶನಿ ನಮಗೆ ಹತ್ತಿರದಲ್ಲಿತ್ತು. ಹತ್ತಿರವೆಂದರೆ ಸುಮಾರು 120 ಕೋಟಿ ಕಿಲೋಮೀಟರ್! ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಅಲೆ ಹೋಗಿ ಮರಳಲು ಎರಡೂಕಾಲು ಗಂಟೆಯಷ್ಟು ಹಿಡಿಯಿತು. ಕಳಿಸಿದವರು ಅಷ್ಟು ಹೊತ್ತು ಕಾದು ಕುಳಿತರು.

ಮಾರ್ದನಿ ಬಂದಿತು. ಬಹುಮಂದಿ ಎದುರು ನೋಡದಷ್ಟು ಬಲವಾಗಿ ಬಂದಿತು. ಅದು ಬಂದದ್ದು ಗೋಳದಿಂದಲ್ಲ. ಗೋಳದ ದಟ್ಟವಾದ ಅನಿಲ ಅಲೆಗಳನ್ನು ನುಂಗಿಬಿಟ್ಟಿತ್ತು. ಉತ್ತರ ಕೊಟ್ಟವು ಬಳೆಗಳು. ಇದನ್ನು ಹೇಗೆ ಗುರುತಿಸಿದರು? ಬಳೆಯ ಒಂದು ಪಕ್ಕ ನಮ್ಮ ಕಡೆಗೆ ಧಾವಿಸುತ್ತದೆ, ಇನ್ನೊಂದು ಪಕ್ಕ ದೂರ ಸರಿಯುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿ, ದೂರ ಹೋಗುವಾಗ ಇಳಿಯುವಂತೆ, ಮರಳಿದ ಅಲೆಗಳಲ್ಲಿಯೂ ಏರಿಳಿತವಿತ್ತು. ಆ ಏರಿಳಿತ ಬಳೆಯ ವೇಗಕ್ಕೆ ಸರಿಹೊಂದಿತು.

ಹಿಟ್ಟಿನಂಥ ಧೂಳು ಇಂಥ ಮಾರ್ದನಿಯನ್ನು ಕೊಡಲಾರದು. ಹೆಚ್ಚಿನ ತುಣುಕುಗಳು ಹಲವು ಸೆಂಟಿಮೀಟರಿನಿಂದ ಮೇಲ್ಪಟ್ಟ ಗಡ್ಡೆಗಳಾಗಿರಲೇಬೇಕು. ಯಾವ ವಸ್ತುವಿನ ಗಡ್ಡೆ? ಲೋಹದ ಗುಂಡುಗಳೂ ಸೂಸದೆ, ಚೆನ್ನಾಗಿ ಮರುಕಳಿಸಬಲ್ಲವು. ಇಲ್ಲಿ ಮೂರನೆಯ ಸಾಕ್ಷಿ ನೆರವಿಗೆ ಬಂದಿತು. 1970ರಲ್ಲಿ ಬಳೆಯಿಂದ ಬರುವ ಅವಗೆಂಪು ಬೆಳಕನ್ನು ಪರೀಕ್ಷಿಸಿದವರು ಅದರಲ್ಲಿ ನೀರಿನ ಮಂಜುಗಡ್ಡೆಯ ಗುರುತನ್ನು ಕಂಡಿದ್ದರು. ಮಂಜುಗಡ್ಡೆಯ ಗುಣವೂ ತಾಳೆಯಾಯಿತು: ಅದು ಸೆಂಟಿಮೀಟರ್ ಅಲೆಗಳನ್ನು ಬಹು ಕಡಮೆ ಹೀರುತ್ತದೆ. ಇಂದಿನ ಮೈಕ್ರೋವೇವ್ ಒಲೆಯಲ್ಲಿ ನೀರು ಬೇಗ ಬಿಸಿಯಾದರೂ ಗಟ್ಟಿ ಮಂಜುಗಡ್ಡೆ ಕರಗಲು ತಡಮಾಡುವುದು ಇದೇ ಕಾರಣಕ್ಕೆ.

ಹೀಗೆ ‘ಸೂಸದು’ ಎಂದು ಒಂದು ಸಾಕ್ಷಿ, ‘ಮರುಕಳಿಸುತ್ತದೆ’ ಎಂದು ಇನ್ನೊಂದು, ‘ನೀರಿನ ಮಂಜು’ ಎಂದು ಮತ್ತೊಂದು. ಮೂರರಲ್ಲಿ ಯಾವ ಒಂದೂ ತಾನೇ ಸಾಲದು. ಮೂರನ್ನೂ ಎದುರುಬದುರು ಕೂರಿಸಿದಾಗ ಒಗಟು ಒಡೆಯಿತು: ಶನಿಯ ಬಳೆಗಳೆಂದರೆ ಮಂಜುಗಡ್ಡೆಯ ಗಡ್ಡೆಗಳ ಮಹಾ ಸಂತೆ.

5. ತಿಳಿದು ಆದ ಪ್ರಯೋಜನ

‘ಅಷ್ಟು ದೂರದ ತುಣುಕು ಸಣ್ಣದಾದರೇನು, ದೊಡ್ಡದಾದರೇನು?’ ಎಂದು ಕೇಳುವವರುಂಟು. ಆ ದಿನಗಳಲ್ಲಿ ಇದು ಬಹು ಖರ್ಚಿನ ಪ್ರಶ್ನೆಯಾಗಿತ್ತು. ಶನಿಯ ಬಳಿಗೆ ನೌಕೆಗಳನ್ನು ಕಳಿಸುವ ಸಿದ್ಧತೆ ನಡೆದಿತ್ತು. ಗುಂಡಿಗಿಂತ ಎಷ್ಟೋ ಪಾಲು ವೇಗವಾಗಿ ಹಾರುವ ನೌಕೆಗೆ ಗೋಲಿಯಷ್ಟು ಮಂಜುಗಡ್ಡೆ ಬಡಿದರೂ ವರ್ಷಗಳ ದುಡಿಮೆ ಕ್ಷಣದಲ್ಲಿ ಮಣ್ಣುಪಾಲು. 1979ರ ಸೆಪ್ಟೆಂಬರ್ 1ರಂದು ಪಯೊನೀರ್-11 ನೌಕೆ ಮುಖ್ಯ ಬಳೆಗಳ ಹೊರಗಿನಿಂದ ದಾಟಿತು. ಹಿಂದೆ ಬರಲಿದ್ದ ವಾಯೇಜರ್-2 ಮುಂದಿನ ಗ್ರಹಗಳಿಗೆ ಸಾಗಲು ಯಾವ ದಾರಿಯಲ್ಲಿ ಹೋಗಬೇಕಿತ್ತೋ ಆ ದಾರಿ ಕ್ಷೇಮವೇ ಎಂದು ನೋಡಲೆಂದೇ ಅದನ್ನು ಹಾಗೆ ನಡೆಸಿದ್ದರು. 2004ರಲ್ಲಿ ಕ್ಯಾಸಿನಿ ನೌಕೆ ಬಳೆಗಳ ಮಟ್ಟವನ್ನು ದಾಟುವಾಗ ತನ್ನ 4 ಮೀಟರ್ ಅಗಲದ ರೇಡಿಯೋ ತಟ್ಟೆಯನ್ನೇ ಮುಂದೆ ಮಾಡಿ ಗುರಾಣಿಯಂತೆ ಹಿಡಿಯಿತು.

ನೌಕೆಗಳು ಅಲ್ಲಿಗೆ ಮುಟ್ಟಿದ ಮೇಲೆ ರೇಡಿಯೋ ಪರೀಕ್ಷೆ ಇನ್ನೂ ಹರಿತವಾಯಿತು. 1980ರ ನವೆಂಬರಿನಲ್ಲಿ ವಾಯೇಜರ್-1 ಬಳೆಗಳ ಹಿಂದೆ ಹೋದಾಗ 3.6 ಮತ್ತು 13 ಸೆಂಟಿಮೀಟರಿನ ಎರಡು ಅಲೆಗಳನ್ನು ಬಳೆಯ ಮೂಲಕ ಭೂಮಿಯತ್ತ ಕಳಿಸಿತು. 2005ರ ಮೇ 3ರಂದು ಕ್ಯಾಸಿನಿ ಮೂರು ಅಲೆಗಳಿಂದ ಇದೇ ಕೆಲಸ ಮಾಡಿತು. ದಿನಸಿ ಅಂಗಡಿಯಲ್ಲಿ ಸಣ್ಣ ಕಣ್ಣಿನ ಜರಡಿ, ದೊಡ್ಡ ಕಣ್ಣಿನ ಜರಡಿ ಎಂದು ಎರಡು ಮೂರು ಇಟ್ಟುಕೊಂಡು ಕಾಳು ವಿಂಗಡಿಸುವಂತೆ, ಯಾವ ಅಲೆ ಎಲ್ಲಿ ಎಷ್ಟು ತಡೆಯಲ್ಪಟ್ಟಿತು ಎಂಬುದರಿಂದ ತುಣುಕುಗಳ ಗಾತ್ರ ತಿಳಿಯಿತು. ಸೆಂಟಿಮೀಟರಿನಿಂದ ಹಿಡಿದು ಹಲವು ಮೀಟರುಗಳವರೆಗೆ, ಎಂದರೆ ನೆಲ್ಲಿಕಾಯಿಯಿಂದ ಮನೆಯ ಗಾತ್ರದವರೆಗೆ, ಎಲ್ಲವೂ ಅಲ್ಲಿವೆ. ಕೆಲವು ಭಾಗಗಳಲ್ಲಿ 5 ಸೆಂಟಿಮೀಟರಿಗಿಂತ ಸಣ್ಣ ತುಣುಕುಗಳೇ ವಿರಳ.

2017ರಲ್ಲಿ, ತನ್ನ ಕೊನೆಯ ತಿಂಗಳುಗಳಲ್ಲಿ, ಕ್ಯಾಸಿನಿ ಗ್ರಹಕ್ಕೂ ಬಳೆಗೂ ನಡುವೆ ಹಲವು ಸಲ ನುಸುಳಿತು. ನೌಕೆಯ ರೇಡಿಯೋ ಅಲೆಯ ಅತಿ ಸಣ್ಣ ಏರಿಳಿತವನ್ನು ಭೂಮಿಯಿಂದ ಅಳೆದು, ಬಳೆಗಳು ಅದನ್ನು ಎಷ್ಟು ಸೆಳೆದವೆಂದು ಲೆಕ್ಕ ಹಾಕಿದರು. ಬಳೆಗಳೆಲ್ಲವನ್ನೂ ತಕ್ಕಡಿಗೆ ಹಾಕಿದರೆ ಶನಿಯ ಮೀಮಾಸ್ ಎಂಬ ಸಣ್ಣ ಚಂದ್ರನ ತೂಕದ ಹತ್ತರಲ್ಲಿ ನಾಲ್ಕು ಪಾಲು ಮಾತ್ರ ಎಂಬ ಉತ್ತರ 2019ರಲ್ಲಿ ಪ್ರಕಟವಾಯಿತು. ಇಷ್ಟು ಹಗುರವಾದ, ಇಷ್ಟು ಶುಭ್ರವಾದ ಮಂಜು ಗ್ರಹದಷ್ಟೇ ಹಳೆಯದಾಗಿರಲಾರದು, ಕೆಲವು ಹತ್ತು ಕೋಟಿ ವರ್ಷಗಳ ಈಚಿನದು ಎಂದು ಹಲವರ ವಾದ, ಅಲ್ಲವೆನ್ನುವವರೂ ಇದ್ದಾರೆ. ಆ ವ್ಯಾಜ್ಯ ಇನ್ನೂ ತೀರ್ಪಿಗೆ ಬಂದಿಲ್ಲ.

6. ನೂರು ವರ್ಷದ ಹಿಂದಿನ ಬಿರುಗಾಳಿ

ಇನ್ನು ಗೋಳದ ವಾಯುಮಂಡಲಕ್ಕೆ ಬರೋಣ. ಕಣ್ಣಿಗೆ ಕಾಣುವುದು ಮೇಲಿನ ಹಳದಿ ಮಬ್ಬು ಮತ್ತು ಅಮೋನಿಯದ ಮಂಜಿನ ಮೋಡ ಮಾತ್ರ. ಐಸ್ ಕಾರ್ಖಾನೆಯಲ್ಲಿ ದುಡಿದವರಿಗೆ ಅಮೋನಿಯದ ಘಾಟು ಗೊತ್ತು. ಶನಿಯ ಗಾಳಿಯಲ್ಲಿ ಅದು ಅಲ್ಪ ಪ್ರಮಾಣದಲ್ಲಿ ಬೆರೆತಿದೆ. ಆದರೆ ರೇಡಿಯೋ ಅಲೆಗಳಿಗೆ ಅದೇ ಮುಖ್ಯ ಪರದೆ. ಸುಮಾರು 1.3 ಸೆಂಟಿಮೀಟರ್ ಅಲೆಯನ್ನು ಅದು ಬಹಳವಾಗಿ ಹೀರುತ್ತದೆ. ಅಲೆ ಅದಕ್ಕಿಂತ ಉದ್ದವಾದಂತೆ ಪರದೆ ತೆಳುವಾಗುತ್ತದೆ. ಆದುದರಿಂದ ಉದ್ದನೆಯ ಅಲೆಯಿಂದ ನೋಡಿದಷ್ಟೂ ಆಳವು ಕಾಣುತ್ತದೆ, ಆಳವು ಬಿಸಿಯಾಗಿರುವುದರಿಂದ ಉಷ್ಣತೆಯೂ ಏರುತ್ತದೆ. ಭೂಮಿಯ ಮೇಲಿನಷ್ಟೇ ಒತ್ತಡವಿರುವ ಮಟ್ಟದಲ್ಲಿ ಶನಿಯ ಉಷ್ಣತೆ ಸೊನ್ನೆಗಿಂತ ಸುಮಾರು 139 ಡಿಗ್ರಿ ಕೆಳಗೆ. ವಾಯೇಜರ್ ನೌಕೆಗಳು ಗ್ರಹದ ಹಿಂದೆ ಮರೆಯಾಗುವಾಗ ಅವುಗಳ ರೇಡಿಯೋ ಅಲೆ ಬಾಗಿದ ರೀತಿಯಿಂದ ಇದು ತಿಳಿಯಿತು. ಅದರಿಂದ ಕೆಳಗಿನ ಮಾತನ್ನು ಹೇಳಬಲ್ಲವು ಉದ್ದನೆಯ ಅಲೆಗಳೇ.

ಶನಿಯ ಮೇಲೆ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಭಾರಿ ಬಿರುಗಾಳಿ ಏಳುತ್ತದೆ. ಬಿಳಿಯ ಕಲೆಯಾಗಿ ತೋರಿ ಕೆಲವೇ ವಾರಗಳಲ್ಲಿ ಹಿಗ್ಗುತ್ತ ಹೋಗುತ್ತದೆ. 1876, 1903, 1933, 1960, 1990, 2010 ಎಂದು ಆರು ದಾಖಲೆಯಲ್ಲಿವೆ. ಇವುಗಳಲ್ಲಿ 1933ರದನ್ನು ಕಂಡುಹಿಡಿದವನು ಇಂಗ್ಲೆಂಡಿನ ವಿಲ್ ಹೇ. ಆತನ ವೃತ್ತಿ ರಂಗಭೂಮಿ ಮತ್ತು ಸಿನಿಮಾಗಳಲ್ಲಿ ಜನರನ್ನು ನಗಿಸುವುದು! ಬಿಡುವಿನ ವೇಳೆಯಲ್ಲಿ ಸ್ವಂತ ದುರ್ಬೀನಿನಿಂದ ಆಕಾಶ ನೋಡುತ್ತಿದ್ದನು. ವಿದ್ಯೆ ವೃತ್ತಿಯನ್ನು ಕೇಳಿ ಬರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ. 2010ರ ಡಿಸೆಂಬರಿನ ಬಿರುಗಾಳಿಯ ಸುಳಿವನ್ನು ಕ್ಯಾಸಿನಿಯ ರೇಡಿಯೋ ಯಂತ್ರ ಅದರ ಮಿಂಚುಗಳಿಂದಲೇ ಹಿಡಿಯಿತು. ನಮ್ಮಲ್ಲಿ ಮಿಂಚಿದಾಗ ರೇಡಿಯೋ ಗರಗರ ಎನ್ನುವುದಿಲ್ಲವೆ? ಅದೇ ಬಗೆ.

ಇಷ್ಟು ವರ್ಷ ಸುಮ್ಮನಿದ್ದು ಒಮ್ಮೆಲೇ ಏಕೆ ಸಿಡಿಯುತ್ತದೆ? ಭೂಮಿಯಲ್ಲಿ ನೀರಾವಿ ಬೆರೆತ ಗಾಳಿ ಒಣ ಗಾಳಿಗಿಂತ ಹಗುರ. ಸುಲಭವಾಗಿ ಮೇಲೇರಿ ಮಳೆಯಾಗುತ್ತದೆ. ಶನಿಯ ಗಾಳಿ ಜಲಜನಕ. ಅದರೆದುರು ನೀರಾವಿಯೇ ಭಾರ. ಹಾಗಾಗಿ ಆವಿ ತುಂಬಿದ ಬೆಚ್ಚನೆಯ ಗಾಳಿ ಕೆಳಗೆ ಕೂತಿರುತ್ತದೆ. ಮೇಲಿನ ಗಾಳಿ ದಶಕಗಳ ಕಾಲ ತಣಿದು ತಣಿದು ಅದಕ್ಕಿಂತ ಭಾರವಾದಾಗ ಮುಚ್ಚಳ ಹಾರಿದಂತೆ ಒಮ್ಮೆಲೇ ಎಲ್ಲ ಮೇಲೇಳುತ್ತದೆ. 2015ರಲ್ಲಿ ಲೀ ಮತ್ತು ಇಂಗರ್‌ಸಾಲ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆ ಇದು.

ಮೇಲಿನ ಬಿಳಿ ಕಲೆ ಕ್ರಮೇಣ ಅಳಿಸಿಹೋಗುತ್ತದೆ. ಕಣ್ಣಿಗೆ ಕಥೆ ಮುಗಿಯಿತು, ರೇಡಿಯೋಗೆ ಮುಗಿಯಲಿಲ್ಲ. 2015ರಲ್ಲಿ ‘ವೆರಿ ಲಾರ್ಜ್ ಅರೇ’ಯಿಂದ ಶನಿಯನ್ನು ನೋಡಿದ ಚೆಂಗ್ ಲೀ, ಇಮ್ಕೆ ಡಿ ಪೇಟರ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ವಿಷಯ ಬಲು ಸೋಜಿಗದ್ದು. ಬಿರುಗಾಳಿ ಎದ್ದ ಕಡೆ ಮೇಲಿನ ಅಮೋನಿಯ ಮಳೆಯಾಗಿ ಆಳಕ್ಕೆ ಇಳಿದುಬಿಡುತ್ತದೆ. ಪರದೆ ತೆಳುವಾದ ಆ ಪಟ್ಟಿಯಲ್ಲಿ ರೇಡಿಯೋ ಅಲೆ ಆಳದ ಬಿಸಿಯನ್ನು ಕಂಡು ಪ್ರಕಾಶವಾಗಿ ತೋರುತ್ತದೆ. ಹೀಗೆ ನಡುಅಕ್ಷಾಂಶಗಳಲ್ಲಿ ಎದ್ದ ದಾಖಲೆಯ ಬಿರುಗಾಳಿಗಳೆಲ್ಲದರ ಗುರುತೂ ಸಿಕ್ಕಿತು. ಸಮಭಾಜಕದ ಬಳಿ ಹಳೆಯ ಬಿರುಗಾಳಿಗಳ ಗುರುತುಗಳು ಒಂದರ ಮೇಲೊಂದು ಬೆರೆತು ಕಂಡವು. ಉತ್ತರಕ್ಕೆ 70 ಡಿಗ್ರಿಯ ಬಳಿ, ಯಾರೂ ನೋಡಿ ಬರೆದಿಡದ ಇನ್ನೊಂದು ಹಳೆಯ ಬಿರುಗಾಳಿಯೂ ಆಗಿದ್ದಿರಬಹುದೆಂಬ ಸುಳಿವು ಸಿಕ್ಕಿತು. ನೂರು ವರ್ಷಗಳಷ್ಟು ಹಿಂದಿನ ಮಳೆಯ ಲೆಕ್ಕ ಆ ಗ್ರಹದ ಒಡಲಲ್ಲಿ ಇನ್ನೂ ಬರೆದಿಟ್ಟಂತಿದೆ.

7. ತಪ್ಪು ಹೇಳಿದ ಗಡಿಯಾರ

ಹಾಗೆಂದು ರೇಡಿಯೋ ಹೇಳಿದ್ದೆಲ್ಲ ವೇದವಾಕ್ಯವೆಂದು ತಿಳಿಯಬಾರದು. ಶನಿಯ ಒಂದು ದಿನ ಎಷ್ಟು ಹೊತ್ತು? ಗುರುತಿಗೆ ನೆಲವಿಲ್ಲ, ಮೋಡಗಳು ಒಂದೊಂದು ಕಡೆ ಒಂದೊಂದು ವೇಗದಲ್ಲಿ ಓಡುತ್ತವೆ. ವಾಯೇಜರ್ ನೌಕೆಗಳು ಶನಿಯ ಕಾಂತಕ್ಷೇತ್ರದಿಂದ ಬರುವ ಒಂದು ಬಗೆಯ ರೇಡಿಯೋ ಅಲೆ 10 ಗಂಟೆ 39 ನಿಮಿಷಕ್ಕೊಮ್ಮೆ ಏರಿಳಿಯುವುದನ್ನು ಕಂಡವು. ಅದೇ ಶನಿಯ ದಿನವೆಂದು ಪುಸ್ತಕಗಳಲ್ಲಿ ಅಚ್ಚಾಯಿತು. ಕ್ಯಾಸಿನಿ ಹೋಗಿ ಅಳೆದರೆ ಅದು ಆರು ನಿಮಿಷದಷ್ಟು ಹೆಚ್ಚಾಗಿತ್ತು! ಅಷ್ಟು ದೊಡ್ಡ ಗ್ರಹದ ಸುತ್ತು ಇಪ್ಪತ್ತೈದು ವರ್ಷದಲ್ಲಿ ಆರು ನಿಮಿಷ ನಿಧಾನವಾಗುವುದು ಅಸಂಭವ. ಗಡಿಯಾರವೇ ನಂಬತಕ್ಕದ್ದಲ್ಲವೆಂದು ಗೊತ್ತಾಯಿತು.

ಸರಿಯಾದ ಉತ್ತರ ಬಂದದ್ದು ಬಳೆಗಳಿಂದ. ಗೋಳದ ಒಳಗಿನ ನಡುಕ ಬಳೆಗಳಲ್ಲಿ ಸಣ್ಣ ಅಲೆಗಳನ್ನು ಎಬ್ಬಿಸುತ್ತದೆ. ಕ್ಯಾಸಿನಿ ಕಂಡ ಆ ಅಲೆಗಳನ್ನು ಲೆಕ್ಕ ಹಾಕಿ, 10 ಗಂಟೆ 33 ನಿಮಿಷ 38 ಸೆಕೆಂಡು ಎಂದು 2019ರಲ್ಲಿ ಪ್ರಕಟಿಸಿದರು. ಒಬ್ಬನೇ ಸಾಕ್ಷಿಯನ್ನು ನಂಬಿದಾಗ ತಪ್ಪಾಯಿತು. ಇನ್ನೊಬ್ಬನನ್ನು ಕರೆದಾಗ ತಿದ್ದಲಾಯಿತು. ಈ ಪಾಠದಲ್ಲಿ ನಾವು ನೆನಪಿಡಬೇಕಾದ ಮಾತು ಇದೇ.

8. ನಮ್ಮ ನೆರೆಯಲ್ಲಿ

ಇಂಥ ಕೆಲಸ ಹೊರದೇಶದವರಿಗೆ ಮಾತ್ರ ಮೀಸಲು ಎಂದು ವಾಚಕರು ಭಾವಿಸಬೇಕಾಗಿಲ್ಲ. ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಓಡಾಡುವವರಿಗೆ ಕಲ್ಯಾಣ ಚಿರಪರಿಚಿತ. 1965ರಲ್ಲಿ ಅಲ್ಲಿಯೇ 32 ಸಣ್ಣ ತಟ್ಟೆಗಳನ್ನು ನಿಲ್ಲಿಸಿ ಸೂರ್ಯನ ರೇಡಿಯೋ ಅಲೆಗಳನ್ನು ಅಳೆದರು. ಅದರ ಮುಂದಾಳು ಗೋವಿಂದ ಸ್ವರೂಪ್. ಮುಂದೆ ಅವರದೇ ಮುಂದಾಳುತನದಲ್ಲಿ ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರಾಯಣಗಾವ್ ಬಳಿಯ ಖೋಡದ್ ಎಂಬಲ್ಲಿ, 45 ಮೀಟರ್ ಅಗಲದ 30 ತಟ್ಟೆಗಳ ದೈತ್ಯ ದೂರದರ್ಶಕ ಎದ್ದು ನಿಂತಿತು. ತಟ್ಟೆಯ ಮೈಯನ್ನು ತಗಡಿನ ಬದಲು ತಂತಿಯ ಬಲೆಯಿಂದ ಮಾಡಿದ್ದರಿಂದ ಭಾರವೂ ಖರ್ಚೂ ಕಡಮೆಯಾಯಿತು. ಶನಿಯ ಆಳವನ್ನು ಇಣುಕಲು ಅರ್ಧ ಮೀಟರಿನಿಂದ ಒಂದು ಮೀಟರಿಗೂ ಮೇಲ್ಪಟ್ಟ ಉದ್ದದ ಅಲೆಗಳು ಬೇಕಾದಾಗ ಫ್ರಾನ್ಸಿನ ವಿಜ್ಞಾನಿಗಳು ಬಳಸಿದ್ದು ಈ ಖೋಡದ್ ದೂರದರ್ಶಕವನ್ನೇ. ನಮ್ಮ ಕನ್ನಡನಾಡಿನ ಗೌರಿಬಿದನೂರಿನ ಬಳಿಯೂ ಇನ್ನೂ ಉದ್ದನೆಯ ಅಲೆಗಳಲ್ಲಿ ಆಕಾಶವನ್ನು ನೋಡುವ ರೇಡಿಯೋ ಕೇಂದ್ರವುಂಟು.

ಫೆಬ್ರವರಿ 28 ವಿಜ್ಞಾನ ದಿನ. ಖೋಡದ್ ಕೇಂದ್ರದಲ್ಲಿ ಆ ದಿನದ ಸುಮಾರಿಗೆ ಪ್ರದರ್ಶನ ಏರ್ಪಡಿಸಿ ಜನರನ್ನು ಒಳಗೆ ಬಿಡುವ ವಾಡಿಕೆಯುಂಟು. ಪುಣೆ, ಮುಂಬಯಿಗಳಲ್ಲಿರುವ ಮಿತ್ರರು ಮೊದಲೇ ವಿಚಾರಿಸಿಕೊಂಡು ಮಕ್ಕಳೊಡನೆ ಹೋಗಿಬರುವುದು ಒಳ್ಳೆಯದು. ಅಷ್ಟು ದೂರ ಹೋಗಲಾಗದವರು ಶನಿ ಕಾಣುವ ತಿಂಗಳುಗಳಲ್ಲಿ ಮಾಳಿಗೆಯ ಮೇಲೆ ನಿಂತು, ಮಿನುಗದೆ ನಿಂತಿರುವ ಹಳದಿ ಚುಕ್ಕೆಯನ್ನು ಹುಡುಕಬಹುದು. ಕಾಟ ಕೊಡುವವನೆಂದು ನಾವು ಅಂಜುತ್ತ ಬಂದ ಆತನ ಕೈಬಳೆ ಬರಿಯ ಮಂಜುಗಡ್ಡೆಯೆಂದು ಈಗ ನಮಗೆ ಗೊತ್ತು. ಅದು ಹೇಗೆ ಗೊತ್ತಾಯಿತೆಂಬುದೂ ಗೊತ್ತು. ಎರಡನೆಯ ತಿಳಿವಳಿಕೆಯೇ ಹೆಚ್ಚು ಬೆಲೆಯುಳ್ಳದ್ದು. ಯಾರಾದರೂ ಬಂದು ಯಾವುದನ್ನಾದರೂ ಖಂಡಿತವೆಂದು ಹೇಳಿದಾಗ, ‘ಇದಕ್ಕೆ ಸಾಕ್ಷಿ ಏನು? ಎರಡನೆಯ ಸಾಕ್ಷಿ ಎಲ್ಲಿ?’ ಎಂದು ಕೇಳುವ ಧೈರ್ಯ ಅದರಿಂದ ಬರುತ್ತದೆ.

ಅಭ್ಯಾಸಕ್ಕೆ

(1) ಶನಿ 120 ಕೋಟಿ ಕಿಲೋಮೀಟರ್ ದೂರದಲ್ಲಿರುವಾಗ ಅದರ ಬೆಳಕು ನಮಗೆ ಮುಟ್ಟಲು ಎಷ್ಟು ಸೆಕೆಂಡು ಬೇಕು? ನಿಮಿಷಕ್ಕೆ ತಿರುಗಿಸಿ.

(2) ಮೇಲೆ ಕೊಟ್ಟ ಆರು ಬಿರುಗಾಳಿಗಳ ನಡುವಿನ ಅಂತರ ಸರಾಸರಿ ಎಷ್ಟು ವರ್ಷ?

(3) ಬಳೆಗಳು ಕಲ್ಲಿನ ಗಡ್ಡೆಗಳಾಗಿದ್ದು, ಆ ಕಲ್ಲು ರೇಡಿಯೋ ಅಲೆಗಳನ್ನು ಚೆನ್ನಾಗಿ ಹೀರುವಂಥದಾಗಿದ್ದರೆ ಮೂರು ಸಾಕ್ಷ್ಯಗಳಲ್ಲಿ ಯಾವುದು ಯಾವುದು ಬೇರೆಯಾಗುತ್ತಿತ್ತು? ಏಕೆ?

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಬರೆಯಬಹುದು. ತಪ್ಪಾದೀತೆಂಬ ಸಂಕೋಚ ಬೇಡ. ಕೂಡಿ ಕುಳಿತು ತಿದ್ದಿಕೊಳ್ಳೋಣ.